ಕೈ ಹಿಂದೆ ಕಟ್ಟಿ ನಿಂತ ಮಾಸ್ತರರು

ಅವರು ತೀರಿಕೊಂಡ ಮೇಲೆ ಹಾನಗಲ್ಲಿನಲ್ಲಿ ಕೂಡಿಸಿದ ಶೋಕಸಭೆಯಲ್ಲಿ ಮಾತಾಡಿದವರೆಲ್ಲ ಅವರನ್ನು ‘ಯೋಗಾಚಾರ್ಯರು’ ಎಂದರು. ಬದುಕಿದ್ದಾಗ ಅವರೆದುರು ಈ ಮಾತು ಆಡಿದ್ದರೆ ಬೈಸಿಕೊಂಡು ಹೋಗುತ್ತಿದ್ದರು. ಸತ್ತವರಿಗೆ ಬೈಯಲು ಬರುವುದಿಲ್ಲ. ಇಂಥ ಸಭೆಗಳು ನಡೆಯುವುದೇ ಆ ಧೈರ್ಯದ ಮೇಲೆ. ಈ ನಾಲ್ಕು ಊರುಗಳಿಗೆ ಯೋಗವನ್ನು ಹಂಚಿದ ಪುಣ್ಯಾತ್ಮ ಎಂದರು ಒಬ್ಬರು. ಇನ್ನೊಬ್ಬ ತರುಣರು ತಾವು ಅವರ ಪಟ್ಟಶಿಷ್ಯರೆಂದು ಹೇಳಿ ಕಣ್ಣೊರೆಸಿಕೊಂಡರು. ನನಗೂ ಎರಡು ಮಾತಾಡಲು ಹೇಳಿದರು. ನಾನು ಏಳಲಿಲ್ಲ. ಅವರು ಯಾರಿಗೂ ಯೋಗ ಹಂಚಲಿಲ್ಲ, ಅವರಿಗೆ ಪಟ್ಟಶಿಷ್ಯರೆಂಬವರು ಇರಲಿಲ್ಲ, ನನ್ನ ಗಂಡನ ಬಲಗೈ ಹೋದದ್ದು ಅವರಿಂದಲೇ ಎಂದು ಮಾಲೆ ಹಾಕಿದ ಪಟದ ಮುಂದೆ ನಿಂತು ಹೇಳುವುದು ಹೇಗೆ? ಅಲ್ಲಿ ಆಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಅವರ ಅಕ್ಕನ ಮಕ್ಕಳು ಹತ್ತಿಮತ್ತೂರಿನಲ್ಲಿದ್ದಾರೆ, ಅವರದೇನೂ ತಪ್ಪಿಲ್ಲ.

ನಾನು ಅವರನ್ನು ಮೊದಲು ನೋಡಿದ್ದು ಶಿಗ್ಗಾಂವಿಯಲ್ಲಿ, ಮೂವತ್ತರ ದಶಕದ ನಡುವಿನಲ್ಲಿ. ಪೇಟೆಯಲ್ಲಿ ನಮ್ಮದು ಅರಿವೆ ಅಂಗಡಿ. ನಮ್ಮ ಮನೆಯವರೂ ನನ್ನ ಮೈದುನನೂ ಕೂಡಿ ನಡೆಸುತ್ತಿದ್ದರು. ದಿನವಿಡೀ ಗಾದಿಯ ಮೇಲೆ ಕೂತು ಕೂತು ಮನೆಯವರಿಗೆ ಸೊಂಟ ಹಿಡಿಯುತ್ತಿತ್ತು. ಅಷ್ಟರಲ್ಲಿ ಹತ್ತಿಮತ್ತೂರಿನ ತರುಣನೊಬ್ಬ ಪುಣೆಯ ಕಡೆ ಯಾವುದೋ ಆಶ್ರಮದಲ್ಲಿ ಒಂದು ಮಳೆಗಾಲ ಇದ್ದು ಯೋಗ ಕಲಿತು ಬಂದಿದ್ದಾನೆ ಎಂದು ಸುದ್ದಿಯಾಯಿತು. ಮಠದ ಅಂಗಳದಲ್ಲಿ ಅವರ ಪ್ರಯೋಗ ಏರ್ಪಡಿಸಿದರು. ಹೆಂಗಸರು ನಾವು ಪೌಳಿಯ ಮರೆಯಲ್ಲಿ ಕೂತು ನೋಡಿದೆವು. ಹಾವಿನ ಹಾಗೆ ಮೈ ಬಾಗುತ್ತಿತ್ತು. ಅಂಗೈ ಊರಿ ಇಡೀ ದೇಹವನ್ನು ಎತ್ತಿ ನವಿಲಿನಂತೆ ನಿಂತರು. ಕೊನೆಗೆ ಮೇಜಿನ ಮೇಲೆ ತಲೆಕೆಳಗಾಗಿ ನಿಂತು, ಹಾಗೆಯೇ ಒಂದು ವಚನ ಹೇಳಿದರು. ಜನ ಹುಚ್ಚಾಗಿ ಚಪ್ಪಾಳೆ ಹೊಡೆದರು. ಗುಂಗುರುಕೂದಲು, ಎಣ್ಣೆಯ ಮಿಂಚು, ಹೆಗಲ ಮೇಲೆ ಕೇಸರಿ ಶಾಲು. ಕೊರಳಿಗೆ ಬಿದ್ದ ಮಾಲೆಯನ್ನು ಬಹಳ ಹೊತ್ತು ತೆಗೆಯಲಿಲ್ಲ. ಅದನ್ನು ನಾನು ಗಮನಿಸಿದ್ದೆ.

ಖಾಲಿ ಬಿದ್ದಿದ್ದ ಹತ್ತಿಯ ವಖಾರಿಯೊಂದರಲ್ಲಿ ವರ್ಗ ಸುರುವಾಯಿತು. ಪೇಟೆಯ ವ್ಯಾಪಾರಸ್ಥರೆಲ್ಲ ನಸುಕಿನಲ್ಲಿ ಧೋತರ ಕಚ್ಚೆ ಬಿಗಿದು ಹೋಗುವವರೇ. ಎಂದೂ ನೆಲಕ್ಕೆ ಬಗ್ಗಿ ಗೊತ್ತಿಲ್ಲದ ಮೈಗಳು ಅವು. ಮಾಸ್ತರರಿಗೋ ಚಿಕ್ಕಂದಿನಿಂದ ಮೈ ಬೆಣ್ಣೆ. ಬಗ್ಗದ ಮೈ ಅಂದರೆ ಏನೆಂದು ಅವರಿಗೆ ತಿಳಿದೇ ಇರಲಿಲ್ಲ. ಬಗ್ಗದವರೆಲ್ಲ ಆಲಸಿಗಳೆಂದೇ ಅವರ ಲೆಕ್ಕ. ಬೆನ್ನ ಮೇಲೆ ಕೈ ಇಟ್ಟು ಒತ್ತುತ್ತಿದ್ದರು. ಕೆಲವರಿಗೆ ಆರಾಮ ಎನಿಸಿತು. ಮನೆಯವರಿಗೂ ಮೊದಮೊದಲು ಸೊಂಟ ಹಗುರಾಯಿತು. ಊಟಕ್ಕೆ ಕೂತಾಗಲೆಲ್ಲ ಮಾಸ್ತರರ ಗುಣಗಾನ.

ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಇಬ್ಬರು ಹೆಗಲು ಕೊಟ್ಟು ಮನೆಯವರನ್ನು ಮನೆಗೆ ಕರೆತಂದರು. ಶೀರ್ಷಾಸನ ಕಲಿಸುವಾಗ ಹೀಗಾಯಿತು ಎಂದರು. ಆಮೇಲೆ ಮನೆಯವರೇ ಹೇಳಿದರು: ತಲೆಯೂರಿ ಕಾಲೆತ್ತಲು ಹೋದಾಗ ಕುತ್ತಿಗೆಯಲ್ಲಿ ಏನೋ ಹಿಡಿದಂತಾಗಿ, ಇವತ್ತು ಬೇಡ ಅಂದರಂತೆ. ಮಾಸ್ತರರು ನಗುತ್ತ, “ಹೆದರಬ್ಯಾಡ್ರಿ ಸಾವಕಾರ್ರ, ನಾ ಇದ್ದೇನಲ್ಲ” ಎಂದು ಎರಡೂ ಕಾಲು ಹಿಡಿದು ಮೇಲಕ್ಕೆ ಎತ್ತಿದರಂತೆ. ಭಾರವೆಲ್ಲ ಕುತ್ತಿಗೆಯ ಮೇಲೆ ಬಂದು, ಮೈ ಒಂದು ಕಡೆ ತಿರುಚಿ ಬಿತ್ತು. ಒಳಗೆ ಲಟಕ್ಕೆಂದ ಸಪ್ಪಳ ತನಗೇ ಕೇಳಿಸಿತು ಎನ್ನುತ್ತಿದ್ದರು.

ಹುಬ್ಬಳ್ಳಿಗೆ ಹೋದೆವು, ಮಿರಜಕ್ಕೂ ಹೋಗಿ ಬಂದೆವು. ಕುತ್ತಿಗೆಯಲ್ಲಿ ನರ ಜಜ್ಜಿದೆ, ಬಲಗೈಗೆ ಶಕ್ತಿ ಬರುವುದು ಕಷ್ಟ ಎಂದರು ಡಾಕ್ಟರರು. ಕಲಿಸಿದವರು ಎಷ್ಟು ವರ್ಷ ಕಲಿತವರು ಎಂದು ಅವರು ಕೇಳಿದಾಗ, ಒಂದು ಮಳೆಗಾಲ ಎಂದು ಹೇಳಲು ನನಗೆ ನಾಚಿಕೆಯಾಯಿತು. ನಾಚಿಕೆಪಡಬೇಕಾದವರು ಮಾತ್ರ ಪೇಟೆಯಲ್ಲಿ ಬೇರೆಯೇ ಹೇಳುತ್ತಿದ್ದರು. ಸಾವಕಾರರು ತಾನು ಹೇಳಿದಂತೆ ಕೇಳಲಿಲ್ಲ, ಹೆದರಿ ಕುತ್ತಿಗೆ ಹೊರಳಿಸಿದರು ಎಂದು. ಜನ ನಂಬಿದರು. ವರ್ಗಕ್ಕೆ ಒಬ್ಬರೂ ಕಡಿಮೆಯಾಗಲಿಲ್ಲ; ಹೊಸಬರು ಸೇರಿದರು. ನೋಡಲು ಬಂದವರು ಮನೆಯವರಿಗೇ ಬುದ್ಧಿ ಹೇಳಿ ಹೋಗುತ್ತಿದ್ದರು. ಮುಂದಿನ ಬೇಸಿಗೆಗೆ ಮಾಸ್ತರರು ಯಾರಿಗೂ ಹೇಳದೆ ಊರು ಬಿಟ್ಟರು. ಯಾಕೆಂದು ಆಗ ತಿಳಿಯಲಿಲ್ಲ. ತಿಳಿಯುವ ಮನಸ್ಸೂ ನನಗಿರಲಿಲ್ಲ.

ಬಟ್ಟೆ ಅಳೆಯಲು ಕೈ ಏಳದವನು ಅರಿವೆ ಅಂಗಡಿಯಲ್ಲಿ ಏನು ಮಾಡಬೇಕು? ಮೈದುನ ಕೆಟ್ಟವನಲ್ಲ. ಆದರೂ ವರ್ಷ ಕಳೆಯುವುದರೊಳಗೆ ನಮ್ಮ ಅಂಗಡಿಗೆ ನಾವೇ ಬಂದುಹೋಗುವ ಬೀಗರಾದೆವು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಧಾರವಾಡಕ್ಕೆ ಟ್ರೇನಿಂಗಿಗೆ ಹೋದೆ. ಗಂಡ ಹಾಸಿಗೆ ಹಿಡಿದಾಗ ಹೆಂಡತಿ ಪುಸ್ತಕ ಹಿಡಿದಳು ಎಂದು ಅತ್ತೆಯವರು ಬಂದವರೆದುರೆಲ್ಲ ಹೇಳಿದರು. ಟ್ರೇನಿಂಗ್ ಮುಗಿದು ಹಾನಗಲ್ಲಿನ ಹೆಣ್ಣುಮಕ್ಕಳ ಶಾಲೆಗೆ ನೇಮಕವಾಯಿತು. ಇಬ್ಬರೂ ಅಲ್ಲಿಗೆ ಬಂದು ಆನೆಕೆರೆಯ ಬದಿಗೆ ಬಾಡಿಗೆ ಮನೆ ಹಿಡಿದೆವು. ಶಾಲೆಯ ಹುಡುಗಿಯರಿಗೆ ನಾನು ಅಕ್ಕಾರು ಆದೆ. ಮನೆಯವರು ಎಡಗೈಯಲ್ಲಿ ಊಟ ಮಾಡಲು, ವಿಭೂತಿ ಹಚ್ಚಿಕೊಳ್ಳಲು, ಲಿಂಗಪೂಜೆ ಮಾಡಲು ಕಲಿತರು. ಬಲಗೈ ಒಣಗಿದ ಹೀರೆಕಾಯಿಯಂತೆ ಜೋತುಬಿದ್ದಿತ್ತು. ಚಳಿ ಬಿದ್ದರೆ ಕುತ್ತಿಗೆಯಿಂದ ಮೊಳಕೈತನಕ ಬೆಂಕಿ.

ಯುದ್ಧದ ಕಾಲದಲ್ಲಿ, ಪೆಟ್ರೋಲು ಸಿಗದೆ ಇದ್ದಿಲ ಹೊಗೆಯ ಮೋಟಾರು ಓಡಾಡುತ್ತಿದ್ದ ದಿನಗಳಲ್ಲಿ, ಒಂದು ರವಿವಾರ ಬಾಗಿಲ ಸಪ್ಪಳವಾಯಿತು. ತೆರೆದೆ. ಗುಂಗುರುಕೂದಲು ಹೋಗಿ ತಲೆ ಬೋಳಾಗಿತ್ತು. ಮೈ ಕೃಶವಾಗಿತ್ತು. ಆದರೂ ಗುರುತು ಹಿಡಿದೆ.

“ನಾನ್ರಿ,” ಎಂದರು.

“ಗೊತ್ತಾತು. ಯಾಕ ಬಂದ್ರಿ?”

“ಸಾವಕಾರ್ರನ್ನ ನೋಡಾಕ.”

“ಅವತ್ತ ನೋಡಬೇಕಿತ್ತು,” ಎಂದು ನಾನು ಬಾಗಿಲು ಹಾಕಿಕೊಂಡೆ. ಒಳಗಿನಿಂದ ಮನೆಯವರು ದನಿ ಕೇಳಿಯೇ ತಿಳಿದಿದ್ದರು. ಸಿಟ್ಟೂ ಇಲ್ಲ, ಸಂತೋಷವೂ ಇಲ್ಲ, “ಒಳಗ ಕರಿ,” ಎಂದರು. ಕರೆದೆ. ನೀರು ಕೊಡಲಿಲ್ಲ. ಬಂದವರಿಗೆ ನೀರು ಕೊಡದೆ ಕಳಿಸಿದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ, ಮತ್ತು ಅದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಅವರು ನೆಲದ ಮೇಲೆ ಕೂತು ನಡೆದದ್ದನ್ನು ಹೇಳಿದರು. ಶಿಗ್ಗಾಂವಿಯಲ್ಲಿ ಮತ್ತೊಬ್ಬರ ಕಾಲು ಹಿಡಿದವರು ಎತ್ತದೆ ಬಿಟ್ಟುಬಿಟ್ಟರಂತೆ. ಮರುದಿನವೂ ಹಾಗೇ ಬಿಟ್ಟರಂತೆ. ವರ್ಗ ಮುಚ್ಚಿ ತಿರುಗಿ ಗುರುಗಳ ಹತ್ತಿರ ಹೋದರು. ಗುರುಗಳು ಬೈಯಲಿಲ್ಲ. ಆ ಮನುಷ್ಯ ದಿನವೆಲ್ಲ ಏನು ಮಾಡುತ್ತಿದ್ದ, ಯಾವ ಮಗ್ಗುಲಿಗೆ ಮಲಗುತ್ತಿದ್ದ, ಬೇಡ ಅಂದಾಗ ಅವನ ಉಸಿರು ಹೇಗಿತ್ತು ಎಂದು ಕೇಳಿದರು. ನೀನು ಕಾಲು ನೋಡಿದ್ದೀ, ಮನುಷ್ಯನನ್ನು ನೋಡಿಲ್ಲ ಎಂದರಂತೆ ಗುರುಗಳು. ಆಮೇಲೆ ವರ್ಷಗಟ್ಟಲೆ ಇವರ ಕೆಲಸ ಬರೇ ಕಂಬಳಿ ಮಡಿಸಿ ಕೊಡುವುದು, ಕಲಿಯುವವರ ಪಕ್ಕ ನಿಂತು ಅವರು ಉಸಿರಾಡುವುದನ್ನು ನೋಡುವುದು. ಯಾರನ್ನೂ ಮುಟ್ಟುವಂತಿಲ್ಲ. ತಮ್ಮ ಅಭ್ಯಾಸ ಮಾತ್ರ ದಿನ ತಪ್ಪದೆ. ಗುರುಗಳು ತೀರಿಕೊಂಡ ಮೇಲೆ ಈ ಕಡೆ ಬಂದು, ಹಾನಗಲ್ಲಿನ ಅಕ್ಕಿ ಗಿರಣಿಯಲ್ಲಿ ಗುಮಾಸ್ತಿಕೆ ಹಿಡಿದಿದ್ದರು.

“ತಪ್ಪಾತು ಅನ್ನಾಕ ಬಂದೀಯೇನು?” ಎಂದು ಮನೆಯವರು ಕೇಳಿದರು.

“ಅದು ಅಂದ್ರ ನನಗ ಹಗುರ ಆಗತೈತಿ, ನಿಮಗೇನೂ ಆಗೂದಿಲ್ಲರಿ. ನಿಮ್ಮನ್ನ ನೋಡಾಕ ಬಂದೇನಿ. ದಿನಾ ಬರ್ತೇನಿ, ಬ್ಯಾಡ ಅನ್ನಬ್ಯಾಡ್ರಿ.”

ಗಿರಣಿ ಬಿಟ್ಟ ಮೇಲೆ ದಿನಾ ಬರತೊಡಗಿದರು. ಬಂದು ಮಾಡುತ್ತಿದ್ದದ್ದೇನು? ಏನೂ ಇಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಬಾಗಿಲ ಬಳಿ ನಿಂತು ಮನೆಯವರನ್ನು ನೋಡುವುದು. ಅವರು ಹೇಗೆ ಏಳುತ್ತಾರೆ, ಹೇಗೆ ತಂಬಿಗೆ ಎತ್ತುತ್ತಾರೆ, ಕೆಮ್ಮು ಬಂದರೆ ಯಾವ ಕಡೆ ವಾಲುತ್ತಾರೆ. ಮಳೆಗಾಲ ಹೋಗಿ ಚಳಿಗಾಲ ಬಂತು. ನನಗೆ ಮೈ ಉರಿಯುತ್ತಿತ್ತು. ಕೆಡಿಸಲು ಒಂದು ಕ್ಷಣ ಸಾಕಾಗಿತ್ತು, ನೋಡಲು ಇಷ್ಟು ಕಾಲ ಬೇಕೇ ಎಂದು ಒಮ್ಮೆ ಅವರ ಮುಖಕ್ಕೇ ಅಂದೆ. “ಹೌದ್ರಿ ಅಕ್ಕಾರ,” ಎಂದರು. ಅಷ್ಟೇ.

ಕೈ ಹಿಂದೆ ಕಟ್ಟುವ ಆ ರೂಢಿಯನ್ನು ಊರವರು ಗರ್ವವೆಂದು ತಿಳಿದಿದ್ದರು. ಪೂರಾ ತಪ್ಪೂ ಅಲ್ಲ ಅದು. ವಿನಯವಂತರೆಂದು ಅವರನ್ನು ಹೊಗಳಿದವರಿಗೆ ಅವರು ಗೊತ್ತೇ ಇರಲಿಲ್ಲ. ಕಲಿಸಿರಿ ಎಂದು ಬಂದ ಒಬ್ಬ ವಕೀಲರಿಗೆ, ನಿಮಗೆ ಇನ್ನೂ ಕೂಡಲು ಬರುವುದಿಲ್ಲ, ಮೊದಲು ಅದನ್ನು ಕಲಿತು ಬನ್ನಿ ಎಂದು ಹಿಂದಕ್ಕೆ ಕಳಿಸಿದ್ದರು. ಯಾರಾದರೂ ಆಸನ ಮಾಡಿ ತೋರಿಸಿದರೆ ಮುಖ ಹುಳ್ಳಗೆ ಮಾಡುತ್ತಿದ್ದರು. ತರುಣರಾಗಿದ್ದಾಗ ಕಲಿಸುವುದರಲ್ಲಿ ಜಂಬವಿತ್ತು, ಈಗ ಕಲಿಸದಿರುವುದರಲ್ಲಿ. ಮನೆಯವರ ಎದುರಿಗೆ ಮಾತ್ರ ಅವರ ನಾಲಿಗೆ ಮೆತ್ತಗಿರುತ್ತಿತ್ತು.

ಒಂದು ಸಲ ಅವರಿಗೆ ಚಳಿಜ್ವರ ಬಂದು, ಎದ್ದ ಮೇಲೆ ಮೈ ಕಟ್ಟಿಗೆಯಾಯಿತು. ಬೆಣ್ಣೆಯಂಥ ಮೈ ಮುಂದಕ್ಕೆ ಬಗ್ಗಲೊಲ್ಲದು. ನಾನು ಒಳಗೊಳಗೇ ಖುಷಿಪಟ್ಟೆ. ಅವರು ನನಗಿಂತ ಹೆಚ್ಚು ಖುಷಿಯಲ್ಲಿದ್ದರು. ಬಗ್ಗಲು ಬಾರದವನಿಗೆ ಎಲ್ಲಿ ಹಿಡಿಯುತ್ತದೆ, ಎಲ್ಲಿ ಹೆದರಿಕೆಯಾಗುತ್ತದೆ ಎಂದು ಈಗ ತಿಳಿಯಿತು ಎಂದು ಮನೆಯವರ ಹತ್ತಿರ ಕೂತು ವಿವರಿಸಿದರು. ಮನೆಯವರು ನಕ್ಕು, “ನನ್ನ ಕೇಳಿದ್ರ ಆವಾಗ ಹೇಳ್ತಿದ್ನಲ್ಲೋ,” ಎಂದರು. ಮಾಸ್ತರರ ಮುಖದ ಬಣ್ಣ ಹೋಯಿತು. ಅದಕ್ಕೆ ನಾನು ಮರುಗಲಿಲ್ಲ.

ಆಮೇಲೆಯೇ ಅವರು ಮೊದಲ ಸಲ ಮನೆಯವರನ್ನು ಮುಟ್ಟಿದ್ದು. ಅಂಗಾತ ಮಲಗಿಸಿ ಹೆಗಲಿನ ಕೆಳಗೆ ಮಡಿಸಿದ ಕಂಬಳಿ ಇಟ್ಟರು. ಉಸಿರು ಬಿಡುವಾಗ ಬೆರಳಿನಿಂದ ಮೊಳಕೈಯನ್ನು ಒಂದಿಷ್ಟೇ ಆಚೆ ಸರಿಸಿದರು. ಅಷ್ಟು ಮಾಡಿ, ಇವತ್ತಿಗೆ ಸಾಕು ಎಂದು ಎದ್ದು ಹೋದರು. ಹೀಗೆಯೇ ಒಂದಿಷ್ಟು, ಮತ್ತೊಂದಿಷ್ಟು. ಕೈ ಬರಲಿಲ್ಲ. ಅದು ಎಂದೂ ಬರಲಿಲ್ಲ. ಆದರೆ ಎರಡನೆಯ ಚಳಿಗಾಲಕ್ಕೆ ಉರಿ ತಗ್ಗಿತು. ಮನೆಯವರು ವರ್ಷಗಳ ಮೇಲೆ ಗಾಢವಾಗಿ ನಿದ್ದೆ ಮಾಡಿದರು. ಅವತ್ತು ಸಂಜೆ ಮಾಸ್ತರರು ಬಂದಾಗ ನಾನು ಚಹಾ ಮಾಡಿ ಕೊಟ್ಟೆ. ಕ್ಷಮಿಸಿದೆನೆಂದಲ್ಲ. ಚಹಾ ಕೊಟ್ಟೆ, ಅಷ್ಟೇ.

ಸ್ವಾತಂತ್ರ್ಯ ಬಂದಿತು. ಸವಣೂರಿನ ನವಾಬಿಯೂ ಮುಗಿಯಿತು. ಹೊಸ ರಾಜ್ಯದಲ್ಲಿ ಎಲ್ಲದಕ್ಕೂ ಅವಸರ. ಶಾಲೆಗಳಲ್ಲಿ ಯೋಗ ಕಲಿಸಬೇಕೆಂದು ಯಾರ ತಲೆಗೆ ಬಂತೋ, ಒಂದು ಸಮಿತಿ ಹುಟ್ಟಿತು. ಬೇಸಿಗೆಯ ಸೂಟಿಯಲ್ಲಿ ಸವಣೂರಿನಲ್ಲಿ ಶಿಬಿರ, ಶಿಬಿರ ಮುಗಿಸಿದವರು ಯೋಗಶಿಕ್ಷಕರು ಎಂದು ಗೊತ್ತುಮಾಡಿದರು. ಹಾನಗಲ್ಲ, ಹಿರೇಕೆರೂರ, ಶಿಗ್ಗಾಂವಿ ಕಡೆಯ ಶಾಲೆಗಳಿಗೆಲ್ಲ ಆಜ್ಞೆ ಬಂತು. ನಮ್ಮ ಶಾಲೆಯಿಂದ ನನ್ನನ್ನು ಆರಿಸಿದರು. ಯೋಗ ಎಂಬ ಶಬ್ದ ಕೇಳಿದರೇ ಎದ್ದು ಹೋಗುತ್ತಿದ್ದ ನನ್ನನ್ನು!

ಶಿಬಿರ ನಡೆಸಿಕೊಡಲು ಮಾಸ್ತರರನ್ನು ಕೇಳಲು ಸಮಿತಿಯವರು ಗಿರಣಿಗೇ ಬಂದರು. ಮಾಸ್ತರರು ಆಗುವುದಿಲ್ಲ ಎಂದರು. ಉದ್ಘಾಟನೆಗಾದರೂ ಬರಬೇಕೆಂದು ಕಾಲು ಹಿಡಿಯುವಷ್ಟು ಮಾಡಿದರು. ಹೋಗಿ ನಿನಗೆ ಅನ್ನಿಸಿದ್ದನ್ನು ಹೇಳಿ ಬಾ ಎಂದರು ಮನೆಯವರು. ಅದಕ್ಕೇ ಹೋದರು.

ಸವಣೂರಿನಲ್ಲಿ ಆನೆಕಾಲಿನಂಥ ಬೊಡ್ಡೆಯ ದೊಡ್ಡಹುಣಸೆ ಮರಗಳ ನೆರಳಿನಲ್ಲಿ ಸಭೆ. ನಾನು ಶಿಬಿರಾರ್ಥಿಗಳ ಸಾಲಿನಲ್ಲಿ ಕೂತಿದ್ದೆ. ಮಾಸ್ತರರು ಎದ್ದು ನಿಂತರು. ಪೀಠಿಕೆ ಇಲ್ಲ, ಶ್ಲೋಕವಿಲ್ಲ.

“ನಾ ಒಂದ್ ಮಳಿಗಾಲ ಕಲ್ತು ಕಲಸಾಕ ನಿಂತಿದ್ದೆ. ಶಿಗ್ಗಾಂವ್ಯಾಗ ಒಬ್ಬ ಗಟ್ಟಿಮುಟ್ಟ ಮನುಷ್ಯಾನ ಕೈ ಕಳದೇನಿ. ಅವರು ನನ್ನ ಮಾತು ಕೇಳಲಿಲ್ಲ ಅಂತ ಊರ ತುಂಬ ಸುಳ್ಳ ಹೇಳೇನಿ. ಆಸನ ಮಾಡೂದು ಮೈಗೆ ಬರತೈತಿ, ಲಗೂನ ಬರತೈತಿ. ಕಲಸೂದು ಕಣ್ಣಿಗೆ ಬರಬೇಕು. ಕಣ್ಣಿಗೆ ಬರಾಕ ಅರ್ಧ ಆಯುಷ್ಯ ಹೋಗತೈತಿ. ನನಗ ಈಗ ಸ್ವಲ್ಪ ಕಾಣಾಕತ್ತೈತಿ. ನೀವು ಈ ಸೂಟ್ಯಾಗ ಕಲೀರಿ, ನಿಮ್ಮ ಮೈಗೆ ಚಲೋ. ಮಂದೀ ಮಕ್ಕಳನ್ನ ಮಾತ್ರ ಮುಟ್ಟಬ್ಯಾಡ್ರಿ.”

ಮುಂದೆಯೂ ಹೇಳುವುದಿತ್ತು. ಅಷ್ಟರಲ್ಲಿ ಅಧ್ಯಕ್ಷರು ಎದ್ದು ಚಪ್ಪಾಳೆ ತಟ್ಟಿದರು. ಸಭೆಯೂ ತಟ್ಟಿತು. ಜ್ಞಾನಿಗಳ ವಿನಯ ಎಂದರೆ ಇದು, ತಾವು ಮಾಡದ ತಪ್ಪನ್ನೂ ತಮ್ಮ ಮೇಲೆ ಹಾಕಿಕೊಂಡು ನಮಗೆ ಎಚ್ಚರ ಹೇಳಿದ್ದಾರೆ ಎಂದು ಅಧ್ಯಕ್ಷರು ಮಾಲೆ ಹಾಕಿದರು. ಮಾಡದ ತಪ್ಪು! ಆ ತಪ್ಪು ಹಾನಗಲ್ಲಿನ ಮನೆಯಲ್ಲಿ ಎಡಗೈಯಿಂದ ರೊಟ್ಟಿ ಮುರಿಯುತ್ತ ಕೂತಿತ್ತು. ಮಾಸ್ತರರು ಮಾಲೆ ತೆಗೆದು ಕುರ್ಚಿಯ ಮೇಲಿಟ್ಟು, ಮೋಟಾರ್ ಸ್ಟ್ಯಾಂಡಿನ ದಾರಿ ಹಿಡಿದರು. ಅವರು ಮರಗಳ ನೆರಳು ದಾಟುವುದರೊಳಗೆ ಶಿಬಿರ ನಡೆಸಲು ಬಂದಿದ್ದ ತರುಣರು ಮೇಜಿನ ಮೇಲೆ ತಲೆಕೆಳಗಾಗಿ ನಿಂತಿದ್ದರು. ಮುಂದೆ ಶೋಕಸಭೆಯಲ್ಲಿ ಪಟ್ಟಶಿಷ್ಯರೆಂದು ಕಣ್ಣೊರೆಸಿಕೊಂಡವರು ಇವರೇ. ಮಾಸ್ತರರನ್ನು ಅವರು ನೋಡಿದ್ದು ಆ ಒಂದು ಸಭೆಯಲ್ಲಿ ಮಾತ್ರ.

ಶಿಬಿರ ಮುಗಿದು ನನ್ನ ಕೈಗೂ ಒಂದು ಪ್ರಮಾಣಪತ್ರ ಬಂತು. ಊರಿಗೆ ಬಂದಾಗ ಮಾಸ್ತರರು ಏನು ಕಲಿತಿರಿ ಎಂದು ಕೇಳಿದರು. ನಾನು ಆಸನಗಳ ಹೆಸರು ಹೇಳಿದೆ, ಬಾಯಿಪಾಠವಾಗಿದ್ದವು.

“ಹೆಸರು ಬಂದ್ವು,” ಎಂದರು. “ಉಸರು ಯಾವಾಗ ಕಲೀತೀರಿ?”

ನನಗೇ ಗೊತ್ತಿಲ್ಲದೆ, “ನೀವು ಕಲಿಸಿದ್ರ ಕಲೀತೇನಿ,” ಎಂದುಬಿಟ್ಟೆ. ಬೇರೆಯವರಿಗೆಲ್ಲ ಇಲ್ಲ ಎಂದವರು ನನಗೆ ಇಲ್ಲ ಎನ್ನಲಿಲ್ಲ. ಎನ್ನುವ ಹಕ್ಕು ತಮಗಿಲ್ಲವೆಂದು ತಿಳಿದಿರಬೇಕು. ತಮಗೆ ವಯಸ್ಸಾಗುತ್ತಿದೆ, ಬಹಳ ವರ್ಷ ಹಿಡಿಯುತ್ತದೆ ಎಂದಷ್ಟೇ ಹೇಳಿದರು.

ಶಾಲೆಯಲ್ಲಿ ಯೋಗದ ತಾಸಿಗೆ ನಾನು ಹುಡುಗಿಯರನ್ನು ಬಯಲಿಗೆ ಬಿಟ್ಟು ಖೋಖೋ ಆಡಿಸುತ್ತಿದ್ದೆ. ತಪಾಸಣೆಗೆ ಬಂದ ಸಾಹೇಬರು ಕಾರಣ ಕೇಳಿದರು. ನನಗಿನ್ನೂ ಬರುವುದಿಲ್ಲ ಎಂದೆ. ಪ್ರಮಾಣಪತ್ರ ಇದೆಯಲ್ಲ ಎಂದರು. ಇದೆ, ಆದರೆ ಬರುವುದಿಲ್ಲ ಎಂದೆ. ಉದ್ಧಟಳು ಎಂದು ಷರಾ ಬರೆದು, ಆ ತಾಸನ್ನು ಶಿಬಿರ ಮುಗಿಸಿದ ಇನ್ನೊಬ್ಬ ಅಕ್ಕಾರಿಗೆ ಕೊಟ್ಟರು.

ಮನೆಯಲ್ಲಿ ನನ್ನ ಪಾಠ ನಡೆದಿತ್ತು. ಮೊದಲು ಬರೇ ಮಲಗಿ ಉಸಿರಾಡುವುದು. ಆಮೇಲೆ ಗಂಡನನ್ನು ನೋಡುವುದು. ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡನನ್ನು ನೋಡಲು ಕಲಿಸಿದರು ಎಂದರೆ ನಗಬೇಡಿ. ಇವತ್ತು ಏನು ಕಂಡಿತು ಎಂದು ಸಂಜೆ ಕೇಳುತ್ತಿದ್ದರು. ನೋವು ಕಂಡಿತು ಎಂದರೆ, ಅದು ನಿಮ್ಮ ಮನಸ್ಸಿನಲ್ಲಿರುವುದು, ಅವರ ಮೈಯಲ್ಲಿ ಏನು ಕಂಡಿತು ಹೇಳಿ ಎನ್ನುತ್ತಿದ್ದರು. ಬಹಳ ದಿನಗಳ ಮೇಲೆ ಒಮ್ಮೆ, ಉಸಿರು ತೆಗೆದುಕೊಳ್ಳುವಾಗ ಎಡಹೆಗಲು ಮೊದಲು ಏಳುತ್ತದೆ, ಬಲಹೆಗಲು ಅದರ ದಾರಿ ಕಾಯುತ್ತದೆ ಎಂದೆ. ಮಾಸ್ತರರು ಕಂಬಳಿ ಮಡಿಸಿ ನನ್ನ ಕೈಗೆ ಕೊಟ್ಟರು. ಅವರು ಬೈಯದಿದ್ದರೆ ಅದೇ ಶಾಬಾಸಕಿ.

ಅದೇ ವರ್ಷ ಹಿರೇಕೆರೂರಿನ ಕಡೆ ಒಂದು ಶಾಲೆಯಲ್ಲಿ ಯೋಗ ಮಾಡಿಸುವಾಗ ಹುಡುಗನೊಬ್ಬನ ಕುತ್ತಿಗೆಗೆ ಪೆಟ್ಟಾಯಿತೆಂದು ಸುದ್ದಿ ಬಂತು. ಮಾಸ್ತರರು ಗಿರಣಿಗೆ ರಜೆ ಹೇಳಿ ಮೋಟಾರು ಹತ್ತಿದರು. ಮರಳಿ ಬಂದವರು ನಮ್ಮ ಕಟ್ಟೆಯ ಮೇಲೆ ಕೂತರು. ಹುಡುಗನಿಗೆ ದೊಡ್ಡ ಅಪಾಯವೇನೂ ಆಗಿರಲಿಲ್ಲ. ಅಲ್ಲಿಯ ಶಿಕ್ಷಕರು ಏನೆಂದರು ಎಂದು ನಾನು ಕೇಳಿದೆ.

“ಹುಡುಗ ನಾ ಹೇಳಿದಂಗ ಕೇಳಲಿಲ್ಲ ಅಂದ್ರು.”

“ನೀವೇನಂದ್ರಿ?”

“ಏನನ್ಲಿ ಅಕ್ಕಾರ? ಅದು ನನ್ನ ಮಾತ.”

ಅವರ ಬಗ್ಗೆ ನನಗೆ ಕನಿಕರ ಬಂದದ್ದು ಆವಾಗ ಒಮ್ಮೆ. ತಾನು ಕಲಿತದ್ದನ್ನು ಯಾರೂ ಕೇಳುವುದಿಲ್ಲ, ತಾನು ಕೆಡಿಸಿದ್ದನ್ನು ಮಾತ್ರ ಎಲ್ಲರೂ ಕಲಿಯುತ್ತಾರೆ ಎಂದು ಅವರಿಗೆ ಅವತ್ತು ಖಾತ್ರಿಯಾಗಿರಬೇಕು.

ಮುಂದಿನ ಮಳೆಗಾಲದಲ್ಲಿ ವಿಷಮಜ್ವರ ಬಂತು. ಅಕ್ಕನ ಮಕ್ಕಳು ಹತ್ತಿಮತ್ತೂರಿಗೆ ಕರೆದೊಯ್ದರು. ನಾವಿಬ್ಬರೂ ಹೋಗುವಷ್ಟರಲ್ಲಿ ಮಣ್ಣು ಕೊಟ್ಟು ಆಗಿತ್ತು. ಮನೆಯವರು ಮಗುವಿನಂತೆ ಅತ್ತರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಮನುಷ್ಯನಿಗೆ ಕಲಿಸಲು ಬರುವ ಹೊತ್ತಿಗೆ ಆಯುಷ್ಯ ಮುಗಿದಿತ್ತು, ಬಾರದಿದ್ದ ಕಾಲದಲ್ಲಿ ಮಾತ್ರ ವಖಾರಿ ತುಂಬ ಜನ. ಆಮೇಲೆಯೇ ಆ ಶೋಕಸಭೆ.

ಮಾಗಿಯ ಚಳಿ ಬಿದ್ದಂತೆ ಮನೆಯವರ ಉರಿ ತಿರುಗಿ ಬಂತು. ಒಂದು ಮುಂಜಾನೆ ಶಾಲೆಗೆ ಹೊರಡುವ ಮೊದಲು ಅವರನ್ನು ಮಲಗಿಸಿ, ಹೆಗಲ ಕೆಳಗೆ ಕಂಬಳಿ ಇಟ್ಟೆ. ಉಸಿರಿಗೆ ಕಾದೆ. ಮೊಳಕೈ ಸರಿಸಿದೆ. ಇಲ್ಲಿಯ ತನಕ ನನಗೆ ಬರುತ್ತಿತ್ತು. ಇದಾದ ಮೇಲೆ ಮಾಸ್ತರರು ತಲೆಯ ಕೆಳಗೆ ಕೈ ಹಾಕಿ ಏನೋ ಮಾಡುತ್ತಿದ್ದರು. ನೋಡಿದ್ದೆ, ಅವರಿನ್ನೂ ಕಲಿಸಿರಲಿಲ್ಲ. ಕೈ ತಲೆಯ ಕೆಳಗೆ ಹೋಯಿತು. ಅಲ್ಲಿಯೇ ನಿಂತಿತು.

“ಯಾಕ ನಿಂತಿ?” ಎಂದರು ಮನೆಯವರು.

“ಮುಂದಿಂದು ನನಗ ಬರೂದಿಲ್ಲರಿ.”

“ಬರೂದಿಲ್ಲಂದ್ರ ಬಿಡು.” ತೊಲೆಗಳನ್ನು ನೋಡುತ್ತ ಅಂದರು: “ಆವತ್ತ ಅಂವಗ ಈ ಒಂದ್ ಮಾತು ಅನ್ನಾಕ ಬಂದಿದ್ರ ಸಾಕಾಗಿತ್ತು.”

ನಾನು ಕೈ ತೆಗೆದೆ. ಅವರು ಹಲ್ಲು ಕಚ್ಚಿ ತಾವೇ ಎದ್ದು ಗೋಡೆಗೆ ಒರಗಿ ಕೂತರು.